ಉದ್ದ ಕಾಲಿನ ನಾಯಿಗೆ ರೇನ್‌ಕೋಟ್: ಸೈಜ್ ಬಿಡ್ರಿ, ಟೇಪ್ ಹಿಡೀರಿ

ಆರಿದ್ರಾ ಮಳೆ ಹಿಡಿದ್ರೆ ನಮ್ಮ ಗೌರಿ ಹೊಸಿಲು ದಾಟಲ್ಲ. ಗೌರಿ ಅಂದ್ರೆ ನಮ್ಮನೆ ಮುಧೋಳ ನಾಯಿ, ನಾಲ್ಕು ವರ್ಷದ ಹೆಣ್ಣು, ಬಾಗಲಲ್ಲಿ ನಿಂತು ಅಂಗಳ ನೋಡ್ತಾಳೆ, ಮೂಗಿನ ಮೇಲೆ ಒಂದು ಹನಿ ಬಿದ್ರೆ ಸಾಕು ಹಿಂದಕ್ಕೆ ಬಂದು ಮಂಚದ ಕೆಳಗೆ ಸೇರ್ಕೊಳ್ತಾಳೆ. ಎರಡು ವರ್ಷದ ಹಿಂದೆ ಒಂದ್ಸಲ ಸಂಜೆ ಹಿಡಿದ ಜಡಿಮಳೆ ಮಾರನೇ ದಿನ ಮಧ್ಯಾಹ್ನದವರೆಗೂ ಬಿಡಲಿಲ್ಲ, ಅಷ್ಟೂ ಹೊತ್ತು ಉಚ್ಚೆ ಕಟ್ಕೊಂಡೇ ಇದ್ಲು, ಅವತ್ತು ನನಗೆ ನಿಜಕ್ಕೂ ಹೆದರಿಕೆ ಆಯ್ತು. ರೇನ್‌ಕೋಟ್ ಹುಡುಕೋಕೆ ಶುರು ಮಾಡಿದ್ದು ಆವಾಗಲೇ.

ದಾವಣಗೆರೆಯಲ್ಲಿ ನಾಯಿಗೆ ರೇನ್‌ಕೋಟ್ ಅಂದ್ರೆ ಜನ ಮುಖ ನೋಡ್ತಾರೆ. ಬೀದಿ ನಾಯಿಗಳು ನೆನಕೊಂಡೇ ಓಡಾಡಲ್ವಾ ಅಂತಾರೆ. ಲ್ಯಾಬ್ರಡಾರ್ ತರದ ನಾಯಿಗೆ ಎರಡು ಪದರ ಕೂದಲು, ಒಳಗಿಂದು ಒತ್ತಾಗಿ ಹತ್ತಿ ತರ ಇರುತ್ತೆ, ಮೇಲಿಂದು ಜಿಡ್ಡು ಜಿಡ್ಡು, ನೀರು ಚರ್ಮ ಮುಟ್ಟೋಕೆ ಹೊತ್ತು ಹಿಡಿಯುತ್ತೆ. ಮುಧೋಳ, ಕಾರವಾನ್, ಗ್ರೇಹೌಂಡ್ ಇವಕ್ಕೆಲ್ಲ ಆ ಒಳಗಿನ ಪದರವೇ ಇಲ್ಲ, ಕೂದಲು ಗಿಡ್ಡ, ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಮ್ಮಿ. ಓಡೋಕೆ ಅಂತಲೇ ಆಗಿರೋ ಮೈ ಅದು. ನೆನೆದ್ರೆ ನೀರು ನೇರ ಚರ್ಮಕ್ಕೇ, ಅದರ ಮೇಲೆ ಗಾಳಿ ಬೀಸಿದ್ರೆ ಗಡಗಡ ನಡುಗುತ್ತೆ. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆ ಜುಲೈ ತಿಂಗಳ ಗಾಳಿ ಹೆಂಗಿರುತ್ತೆ ಅಂತ ಅಲ್ಲಿಯವರಿಗೆ ನಾನು ಹೇಳೋದೇ ಬೇಡ.

ಮೊದಲನೇ ಕೋಟ್ ಆನ್‌ಲೈನಲ್ಲಿ ತರಿಸಿದ್ದೆ, ಎಲ್ ಸೈಜು. ಕತ್ತಲ್ಲಿ ಲೂಸು, ಎದೆ ಹತ್ರ ಬಿಗಿ, ಹೊಟ್ಟೆ ಕೆಳಗೆ ಚೀಲದ ಹಂಗೆ ಜೋತು ಬೀಳ್ತಿತ್ತು, ಬೆನ್ನಿನ ಹಿಂದಿನ ಅರ್ಧ ಬಯಲು. ಹತ್ತು ಹೆಜ್ಜೆ ನಡೆಯೋದ್ರಲ್ಲಿ ತಿರುಗಿ ಹೊಟ್ಟೆ ಕೆಳಗೆ ಬಂದು ಕಾಲಿಗೆ ಸಿಕ್ಕಾಕ್ಕೊಂಡು ನಡುರಸ್ತೆಯಲ್ಲಿ ಮುಗ್ಗರಿಸಿದ್ಲು. ಅಂಗಡಿಯಲ್ಲಿ ಸಿಗೋ ಎಂ, ಎಲ್, ಎಕ್ಸ್ಎಲ್ ಎಲ್ಲ ಸಾಮಾನ್ಯವಾಗಿ ಡಬ್ಬದ ಹಂಗೆ ಮೈ ಇರೋ ನಾಯಿಗೆ ಕತ್ತರಿಸಿರೋದು, ಎದೆನೂ ಸೊಂಟನೂ ಹೆಚ್ಚುಕಮ್ಮಿ ಒಂದೇ ಅಂತ ಲೆಕ್ಕ. ನಮ್ಮ ನಾಯಿಗಳಿಗೆ ಎದೆ ಆಳ, ಸೊಂಟ ಹಿಡಿ ಗಾತ್ರ. ಅದಕ್ಕೇ ಸೈಜಿನ ಅಕ್ಷರ ಮರೆತುಬಿಡಿ, ಟೈಲರ್ ಟೇಪು ತಗೊಳ್ಳಿ.

ನಾಯಿನ ನಿಲ್ಲಿಸಿಯೇ ಅಳೀಬೇಕು, ಕೂತಾಗ, ಮಲಗಿದಾಗ ಅಳೆದ್ರೆ ಲೆಕ್ಕ ತಪ್ಪುತ್ತೆ. ಒಬ್ಬರು ಮುಂದೆ ಕೂತು ಬಿಸ್ಕತ್ತು ತೋರಿಸ್ತಾ ಇರ್ಲಿ. ಮೊದಲು ಬೆನ್ನು: ಕತ್ತು ಮುಗಿದು ಬೆನ್ನು ಶುರುವಾಗೋ ಕಡೆ, ಕಾಲರ್ ಕೂರುತ್ತಲ್ಲ ಅದರ ಸ್ವಲ್ಪ ಕೆಳಗಿಂದ, ಬಾಲದ ಬುಡದವರೆಗೆ. ಈ ಜಾತಿಗೆ ಸೊಂಟದ ಹತ್ರ ಬೆನ್ನು ಕಮಾನಿನ ಹಂಗೆ ಸ್ವಲ್ಪ ಬಾಗಿರುತ್ತೆ, ಟೇಪು ಆ ಬಾಗನ್ನ ಅನುಸರಿಸಿಯೇ ಹೋಗ್ಬೇಕು, ಗಾಳಿಯಲ್ಲಿ ನೆಟ್ಟಗೆ ಎಳೆದ್ರೆ ಇಂಚು ಕಮ್ಮಿ ಬರುತ್ತೆ. ಆಮೇಲೆ ಎದೆ ಸುತ್ತಳತೆ, ಮುಂಗಾಲಿನ ಹಿಂದೆ, ಎದೆ ಎಲ್ಲಿ ಜಾಸ್ತಿ ಆಳವಾಗಿ ಇಳಿದಿದೆಯೋ ಅಲ್ಲಿ. ಟೇಪಿನ ಕೆಳಗೆ ಎರಡು ಬೆರಳು ಆಡ್ಬೇಕು. ಆಮೇಲೆ ಕತ್ತು, ಕೊನೆಗೆ ಸೊಂಟದ ಸಣ್ಣ ಜಾಗ. ಗೌರಿದು ಬೆನ್ನು 26 ಇಂಚು, ಎದೆ 28, ಸೊಂಟ 19, ಕತ್ತು 14. ಎದೆಗೂ ಸೊಂಟಕ್ಕೂ 9 ಇಂಚು ವ್ಯತ್ಯಾಸ ನೋಡಿ, ರೆಡಿಮೇಡ್ ಕೋಟು ಸೋಲೋದು ಅಲ್ಲೇ.

ಕೊಳ್ಳುವಾಗ ಎದೆ ಅಳತೆನೂ ಬೆನ್ನಿನ ಅಳತೆನೂ ಬೇರೆ ಬೇರೆ ಸೈಜಿಗೆ ಹೋಗೋದು ಗ್ಯಾರಂಟಿ. ಆವಾಗ ಬೆನ್ನಿನ ಉದ್ದ ನೋಡಿ ತಗೊಳ್ಳಿ, ಸುತ್ತಳತೆನ ಬೆಲ್ಟಲ್ಲಿ ಅಡ್ಜಸ್ಟ್ ಮಾಡ್ಬಹುದು, ಉದ್ದನ ಯಾರೂ ಬೆಳೆಸೋಕಾಗಲ್ಲ. ಆದ್ರೆ ಆ ಬೆಲ್ಟು ನಿಮ್ಮ ಎದೆ ಅಳತೆವರೆಗೂ ಸಡಿಲ ಆಗುತ್ತಾ, ಸೊಂಟದವರೆಗೂ ಬಿಗಿ ಆಗುತ್ತಾ ಅಂತ ಕೇಳ್ಕೊಳ್ಳಿ. ಒಂದೇ ಬೆಲ್ಟ್ ಇದ್ರೆ ಬೇಡ, ಎದೆಗೊಂದು ಸೊಂಟದ ಕಡೆಗೊಂದು ಎರಡಿರ್ಲಿ. ಗಂಡು ನಾಯಿ ಆದ್ರೆ ಹಿಂದಿನ ಬೆಲ್ಟು ಉಚ್ಚೆ ಹೊಯ್ಯೋ ಜಾಗಕ್ಕಿಂತ ಮುಂದೆನೇ ನಿಲ್ಬೇಕು, ಇಲ್ಲ ಅಂದ್ರೆ ಪ್ರತಿ ಸಲ ಬೆಲ್ಟ್ ನೆನೆದು ನಾರುತ್ತೆ, ಚರ್ಮ ಕೆಂಪಾಗುತ್ತೆ. ಟೋಪಿ ಬೇಕಿಲ್ಲ, ಇವು ಕಣ್ಣಿಂದ ಬೇಟೆ ಆಡೋ ನಾಯಿಗಳು, ಪಕ್ಕದ ನೋಟ ಮರೆ ಆದ್ರೆ ಗಾಬರಿ ಬೀಳ್ತವೆ.

ಬಟ್ಟೆ ವಿಷಯಕ್ಕೆ ಬರ್ತೀನಿ, ಇಲ್ಲಿ ಜನ ತಪ್ಪೋದು ಜಾಸ್ತಿ. ವಾಟರ್ ರೆಸಿಸ್ಟೆಂಟ್ ಅಂತ ಬರೆದಿದ್ರೆ ತುಂತುರಿಗೆ ಮಾತ್ರ, ಜಡಿಮಳೆಗೆ ವಾಟರ್‌ಪ್ರೂಫ್ ಅಂತಲೇ ಇರ್ಬೇಕು. ಕೆಲವು ಲೇಬಲ್ ಮೇಲೆ ಮಿಲಿಮೀಟರಲ್ಲಿ ಒಂದು ನಂಬರ್ ಇರುತ್ತೆ, ಬಟ್ಟೆ ಮೇಲೆ ಎಷ್ಟೆತ್ತರ ನೀರು ನಿಂತ್ರೂ ಸೋರಲ್ಲ ಅನ್ನೋ ಅಳತೆ ಅದು, 1500ಕ್ಕಿಂತ ಕೆಳಗಿದ್ರೆ ಬಿಟ್ಬಿಡಿ, 3000 ಇದ್ರೆ ನಮ್ಮ ಕಡೆ ಮಳೆಗೆ ಸಾಕು. ಒಳಗೆ ಉಣ್ಣೆ, ಫ್ಲೀಸ್ ಅಸ್ತರು ಇರೋದು ಚೆನ್ನಾಗಿ ಕಾಣುತ್ತೆ ಆದ್ರೆ ತಗೋಬೇಡಿ. ಅವು ಚಳಿ ದೇಶಕ್ಕೆ ಸರಿ. ನಾಯಿ ನಮ್ಮ ಹಂಗೆ ಮೈಯೆಲ್ಲ ಬೆವರಲ್ಲ, ಅಂಗಾಲಲ್ಲಿ ಸ್ವಲ್ಪ ಬೆವರುತ್ತೆ ಅಷ್ಟೇ, ಉಳಿದಿದ್ದೆಲ್ಲ ಏದುಸಿರಲ್ಲೇ ತಣ್ಣಗಾಗ್ಬೇಕು. ದಾವಣಗೆರೆ ಮಳೆಯಲ್ಲೂ ಸೆಕೆ ಇರುತ್ತೆ, ಸೆಪ್ಟೆಂಬರಲ್ಲಿ ಹುಬ್ಬೆ, ಉತ್ತರೆ ಮಳೆ ಹೊತ್ತಲ್ಲಂತೂ ಮಳೆ ನಿಂತ ತಕ್ಷಣ ಕುದಿ. ಪಿವಿಸಿ ಪ್ಲಾಸ್ಟಿಕ್ಕೂ ಬೇಡ, ನೀರು ಒಳಗೆ ಬರಲ್ಲ ನಿಜ, ಮೈ ಬಿಸಿನೂ ಹೊರಗೆ ಹೋಗಲ್ಲ, ಮೇಲಾಗಿ ಪರಪರ ಸದ್ದು ಮಾಡುತ್ತೆ, ನಾಯಿ ಬೆದರುತ್ತೆ. ತೆಳ್ಳಗಿನ ಕೋಟಿಂಗ್ ಇರೋ ನೈಲಾನ್, ಒಳಗೆ ಬಲೆ ತರದ ಅಸ್ತರು, ಅಷ್ಟು ಸಾಕು. ಅಂಗಡಿಯಲ್ಲಿ ಬಿಟ್ರೆ ಒಂದು ಲೋಟ ನೀರು ಹೊಲಿಗೆ ಮೇಲೇ ಹುಯ್ದು ಐದು ನಿಮಿಷ ಕಾದು ಒಳಗೆ ಕೈ ಹಾಕಿ ನೋಡಿ. ಬಟ್ಟೆ ಸೋರೋದು ಕಮ್ಮಿ, ಸೂಜಿ ತೂತು ಸೋರೋದೇ ಜಾಸ್ತಿ.

ಈ ಹೊಲಿಗೆ ವಿಷಯ ನನಗೆ ಕಲಿಸಿದ್ದು ನಮ್ಮ ಬೀದಿ ಟೈಲರ್. ಎರಡನೇ ಕೋಟೂ ಸರಿ ಆಗದೆ, ಯಜಮಾನರ ಹಳೇ ಬೈಕ್ ರೇನ್‌ಕೋಟ್ ತಗೊಂಡು ಅವರ ಹತ್ರ ಹೋದೆ. ನಾನು ಎರಡು ತುಂಡು ಮಾಡಿ ಬೆನ್ನ ಮೇಲೆ ಸೇರಿಸಿ ಅಂದೆ. ಅವರು ಚಳ್ಳಕೆರೆ ಕಡೆಯವರು, ಕಂಬಳಿ ಊರಿನ ಮನುಷ್ಯ. "ಕುರಿ ಕಾಯೋರ ಕಂಬಳಿ ಕೊಪ್ಪೆ ನೋಡೀರಲ್ಲ ಅಕ್ಕಾ, ಮೇಲೆ ಎಲ್ಲಾದ್ರೂ ಹೊಲಿಗೆ ಐತಾ? ಬೆನ್ನ ಮೇಲೆ ಸೂಜಿ ಆಡಿಸಿದ್ರೆ ಅಲ್ಲೇ ಇಳೀತದೆ ನೀರು" ಅಂದ್ರು. ಹೌದಲ್ಲ, ಕೊಪ್ಪೆ ಅಂದ್ರೆ ಒಂದೇ ಕಂಬಳಿ ಮಡಚಿರೋದು, ಹನಿ ಬಿದ್ದಿದ್ದು ಜಾರಿ ಅಂಚಿಗೆ ಹೋಗುತ್ತೆ.

ನೀವೂ ಹೊಲಿಸೋದಾದ್ರೆ ಮೊದಲು ಹಳೇ ಪೇಪರ್ ಬೆನ್ನ ಮೇಲೆ ಹರಡಿ ಎರಡೂ ಕಡೆ ಇಳಿಬಿಟ್ಟು, ಮೊಣಕೈ ಮಟ್ಟಕ್ಕೆ ಗುರುತು ಹಾಕಿ ಕತ್ತರಿಸ್ಕೊಳ್ಳಿ. ಎದೆ ಹತ್ರ ಅಗಲ, ಸೊಂಟಕ್ಕೆ ಬರ್ತಾ ಕೆಳಗಿನ ಅಂಚು ಮೇಲೇರ್ಬೇಕು, ಹೊಟ್ಟೆಯ ಗೆರೆ ಹೆಂಗೆ ಮೇಲೆ ಹೋಗುತ್ತೋ ಹಂಗೆ. ರೇನ್‌ಕೋಟಿನ ಬೆನ್ನಿನ ಭಾಗದಲ್ಲಿ ಹೊಲಿಗೆ ಇಲ್ದಿರೋ ದೊಡ್ಡ ತುಂಡು ಸಿಗುತ್ತೆ, ಅದನ್ನೇ ಬಳಸಿ. ಎದೆ ಮುಂದೆ ಮುಚ್ಚೋಕೆ ಅಂಗೈ ಎರಡರಷ್ಟು ಅಗಲದ ಪಟ್ಟಿ ಬೇರೆ ಇಡಿ, ಎದುರುಗಾಳಿ ಮಳೆ ಹೊಡೆಯೋದು ಅಲ್ಲಿಗೇ. ಬೆಲ್ಟ್ ಹೊಲಿಯೋದೆಲ್ಲ ಅಂಚಲ್ಲಿ. ವೆಲ್ಕ್ರೋಗಿಂತ ಸ್ಕೂಲ್ ಬ್ಯಾಗಿನ ಪ್ಲಾಸ್ಟಿಕ್ ಕ್ಲಿಪ್ ವಾಸಿ, ವೆಲ್ಕ್ರೋಗೆ ಕೆಸರು ಸೇರಿದ್ರೆ ಕಚ್ಚಲ್ಲ, ಗಟ್ಟಿ ಮುಳ್ಳಿನ ಕಡೆ ತೆಳು ಚರ್ಮಕ್ಕೆ ಉಜ್ಜುತ್ತೆ. ಕಂಕುಳ ಹತ್ರ ಬರೋ ಅಂಚಿಗೆ ಮೆತ್ತಗಿನ ಹತ್ತಿ ಪಟ್ಟಿ ಕಟ್ಟಿಸಿ. ಲೀಶ್‌ಗೆ ತೂತು ಮಾಡಿಸ್ಬೇಡಿ, ಕಾಲರ್ ಕೋಟಿನ ಮೇಲೇ ಬರ್ಲಿ, ಅದೂ ಎಳೆದ್ರೆ ಬಿಗಿಯಾಗೋ ಮಾರ್ಟಿಂಗೇಲ್ ಕಾಲರ್ರೇ ಇರ್ಲಿ, ಈ ನಾಯಿಗಳ ತಲೆ ಕತ್ತಿಗಿಂತ ಸಣ್ಣ, ಸಾದಾ ಕಾಲರ್ ಗುಡುಗಿಗೆ ಬೆದರಿ ಹಿಂದಕ್ಕೆ ಜಗ್ಗಿದ್ರೆ ಸರ್ರನೆ ಕಳಚುತ್ತೆ. ಬೆನ್ನ ಪಕ್ಕ ಎರಡೂ ಕಡೆ ಬೆಳಕಿಗೆ ಹೊಳೆಯೋ ಪಟ್ಟಿ ಅಂಟಿಸ್ಬೇಕು, ಹೊಲಿಸ್ಬಾರ್ದು. ಮಳೆಯಲ್ಲಿ ಕರೆಂಟ್ ಹೋದಾಗ ಕಪ್ಪು ನಾಯಿ ಬೈಕಿನವರಿಗೆ ಕಾಣೋದೇ ಇಲ್ಲ.

ಹಾಕಿದ ಮೇಲೆ ಮನೆಯೊಳಗೇ ಐದು ನಿಮಿಷ ನಡೆಸಿ. ಕೂರ್ಸಿ, ಏಳ್ಸಿ, ಬಗ್ಗಿ ನೀರು ಕುಡಿಯೋಕೆ ಬಿಡಿ. ಬಗ್ಗಿದಾಗ ಕೋಟು ತಲೆ ಕಡೆ ಜಾರಿದ್ರೆ ಹಿಂದಿನ ಬೆಲ್ಟ್ ಲೂಸು, ಹೆಜ್ಜೆ ಗಿಡ್ಡ ಆದ್ರೆ ಎದೆ ಬಿಗಿ. ಕಲ್ಲಿನ ಹಂಗೆ ನಿಂತ್ಬಿಟ್ರೆ ಬಯ್ಯೋದು ಬೇಡ, ಮೊದಲೆರಡು ದಿನ ಬರೀ ಬೆನ್ನ ಮೇಲೆ ಹಾಸಿ ತಿಂಡಿ ಕೊಟ್ಟು ತೆಗೀರಿ, ಮೂರನೇ ದಿನ ಬೆಲ್ಟ್ ಹಾಕಿ. ಗೌರಿಗೆ ಒಂದು ವಾರ ಹಿಡೀತು.

ಮನೆಗೆ ಬಂದ ಕೂಡ್ಲೆ ತೆಗೆದುಬಿಡಿ, ಒದ್ದೆ ಕೋಟಲ್ಲಿ ಮಲಗೋಕೆ ಬಿಡ್ಬೇಡಿ. ಕಂಕುಳು, ತೊಡೆ ಸಂದು ಕೈಯಾಡ್ಸಿ ನೋಡಿ, ಕೂದಲು ಸವೆದಿದ್ರೆ, ಕೆಂಪಾಗಿದ್ರೆ ಆ ಅಂಚು ಬದಲಾಯಿಸ್ಬೇಕು. ಕಾಲು ತೊಳೆದು ಬೆರಳ ಸಂದಿ ಒರೆಸಿ. ನಿಂತ ನೀರಲ್ಲಿ ಇಲಿ ಉಚ್ಚೆ ಸೇರಿರುತ್ತೆ, ಲೆಪ್ಟೊಸ್ಪೈರೋಸಿಸ್ ಬರೋದು ಅದರಿಂದ, ಕೋಟು ಅದನ್ನ ತಡೆಯಲ್ಲ, ಲಸಿಕೆ ಬಗ್ಗೆ ಡಾಕ್ಟ್ರನ್ನ ಮಳೆಗಾಲಕ್ಕೆ ಮೊದಲೇ ಕೇಳಿ. ಕೋಟನ್ನ ತಣ್ಣೀರಲ್ಲಿ ಕೆಸರು ಹೋಗೋವಷ್ಟು ತೊಳೆದು ಹಿಂಡದೆ ನೆರಳಲ್ಲಿ ಹಾಕಿ. ಇಸ್ತ್ರಿ ಬೇಡ, ಕಂಫರ್ಟ್ ತರದ್ದೂ ಬೇಡ, ಎರಡೂ ಆ ಕೋಟಿಂಗ್ ಹಾಳು ಮಾಡ್ತವೆ. ನಮ್ಮದು ಈಗ ಎರಡನೇ ಮಳೆಗಾಲ, ಮೃಗಶಿರಕ್ಕೆ ಮೊದಲು ಹಿಂದಿನ ಕ್ಲಿಪ್ ಒಂದು ಬದಲಾಯಿಸಿದ್ದು ಬಿಟ್ರೆ ಬೆನ್ನ ಮೇಲೆ ಇನ್ನೂ ಒಂದು ಹನಿ ಇಳಿದಿಲ್ಲ, ಬೆಳಿಗ್ಗೆ ಆರಕ್ಕೆ ಜಡಿ ಹಿಡಿದಿದ್ರೂ ಗೌರಿ ಗೇಟ್ ತನಕ ಹೋಗಿ, ಕೆಲಸ ಮುಗಿಸ್ಕೊಂಡೇ ಬರ್ತಾಳೆ.