ಸೆನ್ಯೋರಾಗೆ ‘ನೀ’ ಅಂದ ದಿನ

ಕಳೆದ ತಿಂಗಳು ನಮ್ಮ ಪುಣೆಯ ಮನೆಗೆ ಪಕ್ಕದ ಸೊಸೈಟಿಯ ಕನ್ನಡದ ಹುಡುಗಿಯೊಬ್ಬಳು ಬಂದಿದ್ದಳು. ಸ್ಪ್ಯಾನಿಷ್ ಕಲಿಯಲು ನಾಲ್ಕು ವಾರ ಸ್ಪೇನಿಗೆ ಹೊರಟಿದ್ದಾಳೆ, ಉಳಿಯುವುದು ಅಲ್ಲಿನ ಒಬ್ಬರ ಮನೆಯಲ್ಲಿ. ಕೈಯಲ್ಲಿ ಉದ್ದನೆಯ ಪಟ್ಟಿ: ಅಡಾಪ್ಟರ್, ನಿಘಂಟು, ಉಪ್ಪಿನಕಾಯಿ, ಜ್ವರದ ಗುಳಿಗೆ. “ಇನ್ನೇನು ಬೇಕು ಅಕ್ಕಾ?” ಎಂದಳು. “ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ” ಎಂದೆ. ಬಿದ್ದು ಬಿದ್ದು ನಕ್ಕಳು. 2019ರ ಜುಲೈಯಲ್ಲಿ ನಾನು ಹೊರಟಾಗ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಗುತ್ತಿದ್ದೆ.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಬೆಳೆದದ್ದು ಪುಣೆಯಲ್ಲಿ. ಹೊಸ್ತಿಲೊಳಗೆ ಅಜ್ಜಿಯ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಸ್ಪ್ಯಾನಿಷ್ ಕಲಿತದ್ದು ಡೆಕ್ಕನ್ ಕಡೆಯ ಒಂದು ಕ್ಲಾಸಿನಲ್ಲಿ, ವಾರಕ್ಕೆರಡು ಸಂಜೆ, ಎರಡು ವರ್ಷ. ಹಿಂಜವಡಿಯಿಂದ ಟ್ರಾಫಿಕ್ಕಿನಲ್ಲಿ ಬೆವೆತು ಬರುವ ಐಟಿಯವರೇ ಅಲ್ಲಿ ಹೆಚ್ಚು. ಪುಸ್ತಕ ಸ್ಪ್ಯಾನಿಷಿನದು, ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ಒಂದು ಲೋಟ ನೀರು ಕೇಳಬೇಕೆಂದರೂ ಮೊದಲು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿ, ಆಮೇಲೆ ಅದನ್ನು ಹೊರಳಿಸಿ ಹಾಕುವುದು ನನಗೆ ರೂಢಿಯಾಗಿಬಿಟ್ಟಿತ್ತು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದದ್ದರಿಂದ ಇದರಲ್ಲೇನೋ ತಪ್ಪಿದೆ ಎಂದು ಅನಿಸಿರಲಿಲ್ಲ.

ವೀಸಾಕ್ಕಾಗಿ ಮುಂಬೈಗೆ ಎರಡು ಸಲ ಓಡಾಡಿದ್ದು ದೊಡ್ಡ ಕಥೆ, ಆದರೆ ಎಲ್ಲರದೂ ಅದೇ ಕಥೆ. ಬಿಡಿ.

ಊರು ಸಾಲಮಾಂಕಾ. ಮ್ಯಾಡ್ರಿಡ್ ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಹೆಚ್ಚೂಕಡಿಮೆ ಮೂರು ತಾಸು. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅಲ್ಲಿದೆ. ಊರಿನ ಹಳೆಯ ಕಟ್ಟಡಗಳೆಲ್ಲ ಹತ್ತಿರದ ವಿಯಾಮಯೋರ್‌ನ ಕಲ್ಲಿನವು, ಸಂಜೆ ಬಿಸಿಲಿಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತವೆ. ವಿಶ್ವವಿದ್ಯಾಲಯದ ಮುಂಗೋಡೆಯ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೊಂದು ಕಪ್ಪೆ ಕೂತಿದೆ. ಯಾರ ನೆರವೂ ಇಲ್ಲದೆ ಅದನ್ನು ಕಂಡುಹಿಡಿದ ವಿದ್ಯಾರ್ಥಿ ಪಾಸಾಗುತ್ತಾನಂತೆ. ನನಗೆ ಒಬ್ಬ ಜಪಾನಿ ಅಜ್ಜ ಬೆರಳಿಟ್ಟು ತೋರಿಸಿದರು, ಅಲ್ಲಿಗೆ ನನ್ನ ಪಾಸಿನ ಕಥೆ ಮುಗಿಯಿತು.

ನಾನು ಇಳಿದುಕೊಂಡ ಮನೆಯ ಯಜಮಾನಿಗೆ, ಅಲ್ಲಿನ ಮಾತಿನಲ್ಲಿ ‘ಸೆನ್ಯೋರಾ’ಗೆ, ಎಪ್ಪತ್ತರ ಹತ್ತಿರ ವಯಸ್ಸು. ಮಕ್ಕಳು ಬೇರೆ ಊರುಗಳಲ್ಲಿ, ಗಂಡ ತೀರಿಕೊಂಡಿದ್ದಾರೆ. ಮೂರನೇ ಮಹಡಿಯ ಮನೆ. ಬಾಗಿಲು ತೆರೆದವರೇ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದರು. ನಾನು ನಮಸ್ಕಾರಕ್ಕೆ ಎತ್ತಿದ್ದ ಕೈ ಇಬ್ಬರ ನಡುವೆ ಸಿಕ್ಕಿಕೊಂಡಿತು. ಆಮೇಲೆ ನಾನು ಹುಟ್ಟಿದಾಗಿನಿಂದ ಮಾಡುತ್ತ ಬಂದ ಕೆಲಸ ಮಾಡಿದೆ: ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟು ಬರಿಗಾಲಲ್ಲಿ ಒಳಗೆ ಹೋದೆ. “ದೆಸ್ಕಾಲ್ಥಾ ನೋ!” ಎಂದು ಒಂದು ಕೂಗು ಬಂತು. ಬರಿಗಾಲು ಬೇಡ, ನೆಗಡಿಯಾಗುತ್ತದೆ! ಹೊರಗೆ ಜುಲೈ ಬಿಸಿಲು ಕಾಯುತ್ತಿದೆ, ಇವರು ನೆಗಡಿಯ ಮಾತಾಡುತ್ತಿದ್ದಾರೆ. ತಮ್ಮ ಮಗಳ ಹಳೆಯ ಹತ್ತಿಬಟ್ಟೆಯ ಚಪ್ಪಲಿ, ಅದಕ್ಕೆ ಥಪತೀಯಾಸ್ ಎನ್ನುತ್ತಾರೆ, ತಂದು ನನ್ನ ಕಾಲ ಮುಂದಿಟ್ಟರು. ಅದನ್ನು ಹಾಕಿಕೊಂಡು ಅಡುಗೆಮನೆಗೆ ಕಾಲಿಡುವಾಗ ಅಜ್ಜಿ ಎಲ್ಲಿಂದಲೋ ನೋಡುತ್ತಿದ್ದಾಳೆ ಅನ್ನಿಸಿ ಬೆನ್ನು ಚುರ್ ಎಂದಿತು.

ಊಟ ರಾತ್ರಿ ಹತ್ತಕ್ಕೆ. ಆಗಿನ್ನೂ ಹೊರಗೆ ಬೆಳಕು ಪೂರ್ತಿ ಹೋಗಿರಲಿಲ್ಲ. ಲೆಕ್ಕದಂತೆ ಸ್ಪೇನಿನ ಗಡಿಯಾರ ಇಂಗ್ಲೆಂಡಿನ ಜೊತೆಗಿರಬೇಕು. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋ ಅದನ್ನು ಒಂದು ತಾಸು ಮುಂದಕ್ಕೆ ತಳ್ಳಿದ್ದು ಹಾಗೆಯೇ ಉಳಿದಿದೆ. ಬೇಸಿಗೆಯಲ್ಲಿ ಇನ್ನೊಂದು ತಾಸು ಸೇರುತ್ತದೆ. ನನ್ನ ಹೊಟ್ಟೆ ಮಾತ್ರ ಪುಣೆಯ ಗಡಿಯಾರದಲ್ಲಿತ್ತು. ಅಲ್ಲಿ ಆಗ ರಾತ್ರಿ ಒಂದೂವರೆ.

ನಾನು ಸಸ್ಯಾಹಾರಿ ಎಂದು ಫಾರಮ್ಮಿನಲ್ಲಿ ಬರೆದಿದ್ದೆ. ವ್ಯವಸ್ಥೆ ಮಾಡಿಸಿಕೊಟ್ಟವರು ಅದನ್ನು ಮುಂದೆ ತಿಳಿಸಿರಲಿಲ್ಲ. ಬಟ್ಟಲಲ್ಲಿ ಲೆಂತೇಹಾಸ್, ಅಂದರೆ ಇಡೀ ಮಸೂರ್ ಬೇಳೆಯ ಗಟ್ಟಿ ಸಾರು. ನೋಡಿ ಕಣ್ಣು ತುಂಬಿ ಬಂತು, ಮನೆಯ ಬೇಳೆ ಕಂಡಷ್ಟೇ ಸಂತೋಷ. ಚಮಚ ಹಾಕಿದರೆ ಕೆಂಪು ಕೆಂಪು ಗುಂಡಗಿನ ತುಂಡು. ಚೊರೀಥೊ, ಹಂದಿಮಾಂಸದ್ದು. ನಾನು ಸಸ್ಯಾಹಾರಿ ಎಂದಾಗ ಅವರು ಗಾಬರಿಯಾಗಿ ತುಂಡುಗಳನ್ನು ಒಂದೊಂದಾಗಿ ಆರಿಸಿ ತೆಗೆದು “ಈಗ ಸರಿ” ಎಂದರು. ಮರುದಿನದ ತರಕಾರಿ ಪಲ್ಯದಲ್ಲಿ ಮಾಂಸ ಇರಲಿಲ್ಲ, ‘ಬರೀ ಸ್ವಲ್ಪ ಹಮೋನ್’ ಇತ್ತು. ಒಣಗಿಸಿದ ಹಂದಿತೊಡೆ ಅವರ ಲೆಕ್ಕದಲ್ಲಿ ಮಾಂಸವಲ್ಲ, ನಮ್ಮ ಒಗ್ಗರಣೆಯ ಇಂಗಿನ ಹಾಗೆ! ಮೂರನೇ ದಿನದಿಂದ ‘ಸಸ್ಯಾಹಾರಿ’ ಎನ್ನುವ ಶಬ್ದ ಬಿಟ್ಟು ಪಟ್ಟಿ ಒಪ್ಪಿಸತೊಡಗಿದೆ: ಮಾಂಸ ಬೇಡ, ಮೀನು ಬೇಡ, ಟ್ಯೂನಾನೂ ಮೀನೇ, ಹಮೋನ್ ಬೇಡ, ಮಾಂಸ ಬೇಯಿಸಿದ ನೀರೂ ಬೇಡ. ಮೊಟ್ಟೆ ನಡೆಯುತ್ತದೆ (ಅಜ್ಜಿ ಇದನ್ನು ಓದುವುದಿಲ್ಲ). ಅಲ್ಲಿಂದ ನನ್ನ ಗತಿ ತೊರ್ತೀಯಾ, ಬಟಾಟೆ ಹಾಕಿದ ಅಂಗೈ ದಪ್ಪದ ಮೊಟ್ಟೆದೋಸೆ. ಬಟಾಟೆಗೆ ಅವರು ಪತಾತಾ ಎನ್ನುತ್ತಾರೆ. ಪುಣೆಯ ಬಟಾಟಾ ಪೋರ್ಚುಗೀಸರು ತಂದ ಶಬ್ದ, ಇದು ಅದರ ಅಕ್ಕ. ನಮ್ಮ ಪಗಾರವೂ ಹಾಗೆಯೇ. ಸ್ಪ್ಯಾನಿಷಿನಲ್ಲಿ ಪಗಾರ್ ಅಂದರೆ ಹಣ ಕೊಡುವುದು. ಒಯ್ದಿದ್ದ ಶೇಂಗಾ ಹಿಂಡಿಯನ್ನು ಸೆನ್ಯೋರಾ ಬ್ರೆಡ್ಡಿಗೆ ಆಲಿವ್ ಎಣ್ಣೆ ಸವರಿ ಅದರ ಮೇಲೆ ಉದುರಿಸಿಕೊಂಡು ತಿಂದರು, ನೀರು ಕುಡಿದರು, ಮತ್ತೆ ತಿಂದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲ ರಾತ್ರಿ ಊಟ ಚೆನ್ನಾಗಿದೆ ಎಂದು ಹೇಳಬೇಕಿತ್ತು. ಇಂಗ್ಲಿಷಿನ ದಾರಿ ಹಿಡಿದೆ. ‘ನಾನು’ ಕರ್ತೃ, ‘ಇಷ್ಟಪಡು’ ಕ್ರಿಯೆ. “ಯೋ ಗುಸ್ತೊ...” ಎಂದು ಶುರುಮಾಡಿದೆ. ಸೆನ್ಯೋರಾ ಬಾಯಿಗೆ ನ್ಯಾಪ್ಕಿನ್ ಅಡ್ಡ ಹಿಡಿದು ನಕ್ಕರು. ಊಟ ನನಗೆ ಹಿಡಿಸಿತು ಎನ್ನುವ ಬದಲು ನಾನೇ ಯಾರಿಗೋ ಹಿಡಿಸುತ್ತೇನೆ ಎನ್ನುವ ಧಾಟಿಯಾಗಿತ್ತು ಅದು. ನಿಯಮ ಗೊತ್ತಿತ್ತು, ಪರೀಕ್ಷೆಯಲ್ಲಿ ಸರಿ ಬರೆದಿದ್ದೆ. ಹಸಿದಾಗ, ನಿದ್ದೆಗೆಟ್ಟಾಗ ನಿಯಮ ಬಾಯಿಗೆ ಬರುವುದಿಲ್ಲ.

ಮೂರನೇ ದಿನ ಮಧ್ಯಾಹ್ನ ಕ್ಲಾಸು ಮುಗಿಸಿ ಬಂದೆ. ಬೆಳಿಗ್ಗೆ ಒಂಬತ್ತರಿಂದ ಕಿವಿಗೆ ಬರೀ ಸ್ಪ್ಯಾನಿಷ್, ತಲೆ ಸಿಡಿಯುತ್ತಿತ್ತು. ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಕೂತವಳ ಬಾಯಿಂದ ತಾನಾಗಿ ಬಂತು: “ಮೆ ದುಎಲೆ ಲಾ ಕಬೇಥಾ.” ಸೆನ್ಯೋರಾ ಗುಳಿಗೆ ಹುಡುಕಲು ಎದ್ದರು. ನಾನು ಅಲ್ಲೇ ಕೂತು ಯೋಚಿಸಿದೆ, ಇದೊಂದು ಹೇಗೆ ತಡವರಿಸದೆ ಬಂತು? ಅದು ಇಂಗ್ಲಿಷಿನಿಂದ ಬಂದದ್ದಲ್ಲ. ಇಂಗ್ಲಿಷಿನಲ್ಲಿ ತಲೆನೋವನ್ನು ನಾನು ‘ಹೊಂದಿರಬೇಕು’. ಅಜ್ಜಿಯ ಮುಂದೆ ಹೇಳುವಂತೆ “ನನಗ ತಲಿ ನೋಯಾಕತ್ತೈತಿ” ಅಂದಿದ್ದೆ, ಅಷ್ಟೇ. ಮೆ, ನನಗೆ. ದುಎಲೆ, ನೋಯುತ್ತದೆ. ಲಾ ಕಬೇಥಾ, ತಲೆ. ನೋಯುವುದು ತಲೆ, ನಾನಲ್ಲ!

ಆ ಸಂಜೆ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಕಾಲಂ ಎಳೆದೆ, ಸ್ಪ್ಯಾನಿಷ್ ಮತ್ತು ಕನ್ನಡ. ಇಂಗ್ಲಿಷಿಗೆ ಜಾಗ ಕೊಡಲಿಲ್ಲ. ಸ್ಪ್ಯಾನಿಷನ್ನೂ ಕನ್ನಡ ಲಿಪಿಯಲ್ಲೇ ಬರೆದೆ, ಆಡಿದಂತೆ ಬರೆಯಲು ಅದೇ ಸಲೀಸು. ‘ಮೆ ಗುಸ್ತಾ’ ಎದುರಿಗೆ ‘ನನಗೆ ಹಿಡಿಸುತ್ತದೆ’. ಹಿಡಿಸಿದ್ದು ಒಂದಾದರೆ ಗುಸ್ತಾ, ಹಲವಾದರೆ ಗುಸ್ತಾನ್. ನಮ್ಮಲ್ಲೂ ಹಾಡು ಹಿಡಿಸಿತು, ಹಾಡುಗಳು ಹಿಡಿಸಿದವು. ಅಮೆರಿಕದ ಸಹಪಾಠಿ ಈ ಒಂದು ಕ್ರಿಯಾಪದದ ಜೊತೆ ವಾರಪೂರ್ತಿ ಗುದ್ದಾಡಿದ. ‘ಹೋಗುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ‘ವೋಯ್’ ಕೂಡ ಹಾಗೆಯೇ.

ಇಂಗ್ಲಿಷಿನ ‘ಈಸ್’ ಒಂದಕ್ಕೆ ಸ್ಪ್ಯಾನಿಷಿನಲ್ಲಿ ಎರಡು ಕ್ರಿಯಾಪದ, ಸೆರ್ ಮತ್ತು ಎಸ್ತಾರ್. ಎಲ್ಲರನ್ನೂ ಕಾಡುವ ಈ ಜೋಡಿಗೆ ನನ್ನದೊಂದು ನಾಟಿ ಔಷಧಿ ಸಿಕ್ಕಿತು. ‘ಇವಳು ನನ್ನ ಮಗಳು’ ಎನ್ನುವಾಗ ಕನ್ನಡಕ್ಕೆ ಕ್ರಿಯಾಪದವೇ ಬೇಡ, ಅಲ್ಲಿ ಸೆರ್. ‘ಮಗಳು ಮನೆಯಲ್ಲಿದ್ದಾಳೆ’, ‘ಕಾಫಿ ಬಿಸಿ ಇದೆ’ ಎನ್ನುವಲ್ಲಿ ‘ಇರು’ ಬರುತ್ತದೆ, ಅಲ್ಲಿ ಎಸ್ತಾರ್. ಹತ್ತರಲ್ಲಿ ಏಳೆಂಟು ಸಲ ಕೆಲಸ ಮಾಡುತ್ತದೆ. ‘ಅವಳು ಎತ್ತರ ಇದ್ದಾಳೆ’ ಎನ್ನುವಲ್ಲಿ ಮುಗ್ಗರಿಸುತ್ತದೆ, ಅಲ್ಲಿ ಸೆರ್ ಬೇಕು. ಪಾರ್ಟಿ, ಮದುವೆ ಎಲ್ಲಿ ನಡೆಯುತ್ತದೆ ಎನ್ನುವಾಗಲೂ ಅಷ್ಟೇ. ಇದನ್ನು ಟೀಚರಿಗೆ ಉತ್ಸಾಹದಿಂದ ವಿವರಿಸಲು ಹೋಗಿ ಅರ್ಧ ತಾಸು ಅವರ ತಲೆ ತಿಂದೆ. ‘ಪೊರ್’ ಮತ್ತು ‘ಪಾರಾ’ (ಎರಡೂ ಹೆಚ್ಚೂಕಡಿಮೆ ನಮ್ಮ ‘-ಗಾಗಿ’) ವಿಷಯದಲ್ಲಿ ಕನ್ನಡವೂ ಕೈಕೊಟ್ಟಿತು, ಇವತ್ತಿಗೂ ಅಂದಾಜಿನ ಮೇಲೆ ಹೊಡೆಯುತ್ತೇನೆ.

ಲಿಂಗದ ಮಾತು ಬಂದರೆ ಕನ್ನಡಿಗರಿಗೆ ಕಷ್ಟವೇ. ನಮ್ಮ ಮೇಜು, ಕಿಟಕಿ, ಚಂಬು ಎಲ್ಲ ‘ಅದು’. ಆದರೆ ಪುಣೆಯಲ್ಲಿ ಬೆಳೆದವರಿಗೆ ಈ ಅವಮಾನ ಹೊಸದಲ್ಲ. ಮರಾಠಿಯಲ್ಲಿ ಚಹಾ ಗಂಡು, ಕಾಫಿ ಹೆಣ್ಣು, ನೀರು ನಪುಂಸಕ. ತಪ್ಪಿದರೆ ಭಾಜಿವಾಲಿಯೂ ತಿದ್ದುತ್ತಾಳೆ. ಸ್ಪ್ಯಾನಿಷಿನಲ್ಲಿ ಚಹಾ, ಕಾಫಿ ಎರಡೂ ಗಂಡು. ನೀರು ಹೆಣ್ಣು, ಆದರೆ ಗಂಡಿನ ‘ಎಲ್’ ಹಚ್ಚಿಕೊಂಡು ‘ಎಲ್ ಆಗುಆ’ ಎಂದು ಓಡಾಡುತ್ತದೆ. ಮರಾಠಿ ನನಗೆ ಸ್ಪ್ಯಾನಿಷ್ ಲಿಂಗ ಕಲಿಸಲಿಲ್ಲ, ತಪ್ಪು ಮಾಡಿ ನಗಿಸಿಕೊಂಡು ಮಾತು ಮುಂದುವರಿಸುವ ದಪ್ಪ ಚರ್ಮ ಕೊಟ್ಟಿತ್ತು. ಉಚ್ಚಾರದಲ್ಲಿ ಸಿಕ್ಕಿಬಿದ್ದದ್ದು ಎರಡು ರಕಾರಗಳಲ್ಲಿ. ಪೆರೊ ಅಂದರೆ ಆದರೆ, ರ ಒತ್ತಿ ನಡುಗಿಸಿ ಪೆರ್ರೊ ಅಂದರೆ ನಾಯಿ. ಹಳಗನ್ನಡದ ಱ ಉಳಿಸಿಕೊಂಡಿದ್ದರೆ ಬಹುಶಃ ಇಷ್ಟು ಪಾಡು ಬರುತ್ತಿರಲಿಲ್ಲ.

ಇಷ್ಟೆಲ್ಲ ಆದರೂ ಸೆನ್ಯೋರಾ ಜೊತೆ ಮಾತು ಮಾತ್ರ ಬಿಗಿಯಾಗಿಯೇ ಇತ್ತು. ಪುಸ್ತಕ ಹೇಳಿದಂತೆ ಹಿರಿಯರಿಗೆ ‘ಉಸ್ತೆದ್’, ಅಂದರೆ ನಮ್ಮ ‘ತಾವು’, ಬಳಸುತ್ತಿದ್ದೆ. ಉಪ್ಪು ಬೇಕೆಂದರೆ “ದಯವಿಟ್ಟು ತಾವು ನನಗೆ ಉಪ್ಪನ್ನು ದಾಟಿಸಬಹುದೇ?” ಕೊಟ್ಟರೆ ಗ್ರಾಥಿಯಾಸ್, ತಟ್ಟೆ ಇಟ್ಟರೆ ಗ್ರಾಥಿಯಾಸ್, ಲೈಟು ಹಾಕಿದರೂ ಗ್ರಾಥಿಯಾಸ್. ನಾಲ್ಕನೇ ದಿನ ರಾತ್ರಿ ಊಟದಲ್ಲಿ ಅವರು ಚಮಚ ಕೆಳಗಿಟ್ಟು, ಇಷ್ಟೊಂದು ಧನ್ಯವಾದ ಯಾಕೆ, ‘ತೂ’ (ನಮ್ಮ ‘ನೀ’) ಅನ್ನು, ನನ್ನನ್ನು ಮುದುಕಿ ಮಾಡಬೇಡ ಎಂದರು. ಅವರ ಮುಖದಲ್ಲಿ ನಗುವಿರಲಿಲ್ಲ. ಬೇಜಾರಾಗಿತ್ತು.

ಆ ಹೊತ್ತಿಗೆ ಪುಣೆಯಲ್ಲಿ ಎಲ್ಲರೂ ಮಲಗಿಬಿಟ್ಟಿರುತ್ತಾರೆ. ಮರುದಿನ ಊಟವಾದ ಮೇಲೆ ಸಿಯೆಸ್ತಾ ಹೊತ್ತಿನಲ್ಲಿ, ಪೆರ್ಸಿಯಾನಾ ಎನ್ನುವ ಕಿಟಕಿಯ ಉರುಳು ಪರದೆ ಪೂರ್ತಿ ಇಳಿಸಿದ ಕತ್ತಲೆ ಕೋಣೆಯಿಂದ ಮನೆಗೆ ವಿಡಿಯೋ ಕಾಲ್ ಮಾಡಿದೆ. ಮಧ್ಯಾಹ್ನ ಊರೇ ಮುಚ್ಚಿ ಮಲಗುತ್ತದೆ ಎಂದಾಗ ಅಜ್ಜಿಗೆ ಏನೂ ಅನ್ನಿಸಲಿಲ್ಲ, ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವ ಪೇಠೆಯ ಅಂಗಡಿಗಳನ್ನು ನೋಡುತ್ತಲೇ ಅವಳಿಗೆ ವಯಸ್ಸಾಗಿದೆ. ಉಸ್ತೆದ್ ಕಥೆ ಹೇಳಿದಾಗ ಮಾತ್ರ ಕನ್ನಡಕ ಸರಿಮಾಡಿಕೊಂಡಳು. “ಅಕೀ ಮನ್ಯಾಗ ಉಣ್ತಿ, ಮಲಗ್ತಿ, ಮತ್ತ ಅಕೀಗೆ ‘ತಾವು’ ಅಂತೀ? ಅವ್ವಗ ಯಾರರ ‘ತಾವು’ ಅಂತಾರೇನ? ಹೊರಗಿನಾಕಿ ಮಾಡಿ ಕೂಡಿಸೀದಿ ಅಕೀನ್ನ.”

ನಮ್ಮ ಕಡೆ ಅವ್ವನಿಗೆ, ಅಜ್ಜಿಗೆ ‘ನೀ’. ಪೋಸ್ಟ್‌ಮನ್ನಿಗೆ ‘ನೀವು’. ಉಪ್ಪು ಬೇಕಾದರೆ “ಉಪ್ಪು ಕೊಡಬೇ”. ನಾನು ದಿನಾ ಆಡುವ ಮಾತಿನಲ್ಲಿ ಇದೆಲ್ಲ ಇತ್ತು. ಇಂಗ್ಲಿಷಿನಲ್ಲಿ ಕಲಿತ ವಿನಯ ಅದನ್ನು ಮುಚ್ಚಿಹಾಕಿತ್ತು. ಸೆನ್ಯೋರಾ ಮಕ್ಕಳೂ ಫೋನಿನಲ್ಲಿ ಅವರ ಜೊತೆ ಹೀಗೇ ಮಾತಾಡುತ್ತಾರೆ: ಕೊಡು, ಹೇಳು, ಬಿಡು. ‘ದಯವಿಟ್ಟು’ ಇಲ್ಲ, ಆದರೆ ದನಿ ಮೆತ್ತಗಿರುತ್ತದೆ.

ಗೊತ್ತಾಗಿ ಒಂದು ದಿನ ಕಳೆದರೂ ‘ತೂ’ ಬಾಯಿಗೆ ಬರಲೊಲ್ಲದು. ನಡುವೆ ಸ್ನಾನದ ರಾಮಾಯಣ ಬೇರೆ. ಅಲ್ಲಿ ಬಿಸಿನೀರು ಗ್ಯಾಸಿನದು, ಕಿತ್ತಳೆ ಬಣ್ಣದ ಬೊಂಬೋನಾ, ಹನ್ನೆರಡೂವರೆ ಕೆ.ಜಿ.ಯದು, ನಮ್ಮ 14.2ರ ಕೆಂಪು ಸಿಲಿಂಡರಿನ ತಮ್ಮ. ನನ್ನ ಉದ್ದದ ಶವರಿನ ನಡುವೆಯೇ ಅದು ಖಾಲಿಯಾಗಿ, ಸೋಪಿನ ಮೈಯಲ್ಲಿ ತಣ್ಣೀರಿಗೆ ಕಿರುಚಿದೆ. ಬಾಗಿಲಾಚೆ ಸೆನ್ಯೋರಾ ನೀರಿನ ಬೆಲೆಯ ಕುರಿತು ಒಂದು ಭಾಷಣ ಮಾಡಿದರು. ಮರುದಿನದಿಂದ ಬಕೆಟ್ ಕೇಳಿ ಪಡೆದೆ.

ಆರನೇ ದಿನ, ಶನಿವಾರ. ಬ್ರೆಡ್ ತರಲು ನನ್ನೊಬ್ಬಳನ್ನೇ ಕಳಿಸಿದರು. ಬೇಕರಿಯಲ್ಲಿ ಏಳೆಂಟು ಜನ ಅಲ್ಲಲ್ಲಿ ನಿಂತಿದ್ದಾರೆ, ಸಾಲೇ ಇಲ್ಲ. ಆದರೆ ಸಾಲು ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಒಳಗೆ ಬಂದವರು “ಎಲ್ ಉಲ್ತಿಮೊ?” ಎಂದು ಕೇಳಬೇಕು, ಕೊನೆಯವರು ಯಾರು? ಒಬ್ಬರು ಕೈ ಎತ್ತುತ್ತಾರೆ, ಅವರನ್ನು ನೆನಪಿಟ್ಟುಕೊಂಡರೆ ಮುಗಿಯಿತು. ನಾನು ಕೇಳಿದೆ, ಒಬ್ಬ ಅಜ್ಜ ಕೈ ಎತ್ತಿದರು. ನನ್ನ ನಂತರ ಬಂದ ಹೆಂಗಸು ಕೇಳಿದಾಗ ನಾನು ಕೈ ಎತ್ತಿದೆ. ಸಾಲಮಾಂಕಾದಲ್ಲಿ ನನಗೂ ಒಂದು ಜಾಗ ಸಿಕ್ಕಿದ್ದು ಆಗಲೇ. ಇನ್ನೂ ಬೆಚ್ಚಗಿದ್ದ ಉದ್ದನೆಯ ಬ್ರೆಡ್ಡನ್ನು ಕಂಕುಳಲ್ಲಿ ಇರುಕಿಕೊಂಡು, ಅದರ ತುದಿ ಮುರಿದು ತಿನ್ನುತ್ತ ಮೂರು ಮಹಡಿ ಹತ್ತಿದೆ.

ಬಾಗಿಲು ತೆರೆದ ಸೆನ್ಯೋರಾ ಮೊದಲು ಬ್ರೆಡ್ ನೋಡಿದರು, ಆಮೇಲೆ ನನ್ನ ಕಾಲು. ಮುಖ ಕೆಂಪಾಯಿತು. ಬಗ್ಗಿ ನೋಡಿಕೊಂಡೆ. ಮನೆಯೊಳಗಿನ ಬಟ್ಟೆಚಪ್ಪಲಿಯಲ್ಲೇ ಬೀದಿ ಸುತ್ತಿ ಬಂದಿದ್ದೆ. ಥಪತೀಯಾಸ್ ಹಾಕಿಕೊಂಡು ಬೀದಿಗೆ! ನೆರೆಯವರು ಏನಂದುಕೊಂಡಾರು! ಅವರು ಬೈಯುತ್ತಲೇ ಇದ್ದರು, ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು.

“ದೇಹಾಮೆ, ಕೆ ತೆಂಗೊ ಆಂಬ್ರೆ.” ಬಿಡಬೇ, ಹಸಿವ್ಯಾಗೈತಿ ನನಗ.

ಸೆನ್ಯೋರಾ ಮಾತು ನಿಲ್ಲಿಸಿ ನನ್ನನ್ನೇ ಒಂದು ಗಳಿಗೆ ನೋಡಿದರು. ಬ್ರೆಡ್ ಕಸಿದುಕೊಂಡರು. “ಹೋಗು, ಮೊದಲು ಕೈ ತೊಳ್ಕೋ” ಎಂದು ಒಲೆಯ ಕಡೆ ತಿರುಗಿದರು.