ಬೆಳೆದ ಮಗುವಿಗೆ ಬೇಬಿ ಕ್ಯಾರಿಯರ್: ಕೊಳ್ಳುವ ಮೊದಲು ಟೇಪು ಹಿಡಿಯಿರಿ

ಒಂದೂವರೆ ವರ್ಷದ ಮಗು ನಡೆಯುತ್ತದೆ, ಓಡುತ್ತದೆ. ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಶುರು ಮಾಡಿ ಸ್ವಲ್ಪ ಹೊತ್ತಿಗೇ ಎರಡೂ ಕೈ ಮೇಲೆತ್ತಿ ‘ಎತ್ಕೋ’ ಅನ್ನುತ್ತದೆ. ಅಲ್ಲಿ ಸ್ಟ್ರೋಲರ್ ನಡೆಯುವುದಿಲ್ಲ. ಕೂಸುಮರಿ ಮಾಡಿದರೆ ಎರಡೂ ಕೈ ಕಟ್ಟಿಹಾಕಿದಂತೆ. ಇಂಥ ಕಡೆಗೆ ಬಕಲ್ ಕ್ಯಾರಿಯರ್ ಒಳ್ಳೆಯದು: ಮಗುವನ್ನು ಮೈಗೆ ಕಟ್ಟಿಕೊಳ್ಳುವ ಬಟ್ಟೆಯ ಸೀಟು, ಸೊಂಟಕ್ಕೆ, ಭುಜಕ್ಕೆ ಬಕಲ್ ಹಾಕುವ ಪಟ್ಟಿ. ಮಗು ಆರು ತಿಂಗಳಿದ್ದಾಗ ಕೊಂಡದ್ದೇ ಸಾಕಲ್ವಾ? ಬಹಳ ಸಲ ಸಾಕಾಗುವುದಿಲ್ಲ.

1. ಮಗುವನ್ನು ಅಳೆಯಿರಿ
ಡಬ್ಬದ ಮೇಲೆ ‘20 ಕೆ.ಜಿ.ವರೆಗೆ’ ಎಂದಿದ್ದರೆ ಅದು ಹೊಲಿಗೆ, ಬಕಲ್ ತಡೆಯುವ ತೂಕ. ಅಷ್ಟು ದೊಡ್ಡ ಮಗು ಅದರಲ್ಲಿ ಆರಾಮಾಗಿ ಕೂರುತ್ತದೆ ಎಂದಲ್ಲ. ಎರಡು ವರ್ಷದ ಮಗು ಸಾಮಾನ್ಯವಾಗಿ 11–12 ಕೆ.ಜಿ. ಇರುತ್ತದೆ. ತೂಕದ ಮಿತಿ ಇನ್ನೂ ದೂರ, ಆದರೆ ಕಾಲು ಆಗಲೇ ಉದ್ದವಾಗಿರುತ್ತದೆ.

ಮಗುವನ್ನು ಕಾಲು ಅಗಲಿಸಿ, ಮಂಡಿ ಮಡಚಿ ಕೂರಿಸಿ. ಒಂದು ಮಂಡಿಯ ಹಿಂದಿನ ಮಡಿಕೆಯಿಂದ ಅಂಡಿನ ಕೆಳಗೆ ಹಾಯ್ದು ಇನ್ನೊಂದು ಮಂಡಿಯ ಮಡಿಕೆಯವರೆಗೆ ಟೇಪು ಹಿಡಿಯಿರಿ. ಟೇಪು ಕಿತ್ತುಕೊಂಡು ಬಾಯಿಗೆ ಹಾಕಿಕೊಳ್ಳುವುದು ಗ್ಯಾರಂಟಿ. ಆಡಲು ಬೇರೇನಾದರೂ ಕೈಗೆ ಕೊಟ್ಟಿರಿ.

2. ಸೀಟು ನೋಡಿ
ಈಗ ಬಂದ ಅಳತೆಯೇ ಸೀಟಿನ ಅಗಲ. ಮಾಮೂಲಿ ಕ್ಯಾರಿಯರ್‌ನಲ್ಲಿ ಇದು ಸುಮಾರು 15 ಇಂಚು, ಟಾಡ್ಲರ್ (ನಡೆಯಲು ಕಲಿತ ಮಗುವಿನ) ಸೈಜಿನಲ್ಲಿ 18ರ ಆಸುಪಾಸು. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಾಗಾಗಿ ‘ಟಾಡ್ಲರ್’ ಎಂಬ ಹೆಸರು ನಂಬಬೇಡಿ, ಇಂಚು ಕೇಳಿ.

ಕೂತಾಗ ಮಂಡಿ ಅಂಡಿಗಿಂತ ತುಸು ಮೇಲಿರಬೇಕು, ತೊಡೆಯ ಕೆಳಗೆ ಬಟ್ಟೆಯ ಆಸರೆ ಇರಬೇಕು. ನಡೆಯಲು ಕಲಿತ ಮಗುವಿಗೆ ಸೀಟು ಒಂದಿಂಚು ಕಡಿಮೆ ಬಿದ್ದರೆ ಗಾಬರಿ ಬೇಡ. ಜಾಸ್ತಿಯಾದರೆ ಕಷ್ಟ. ಅಂಚು ಮಂಡಿಯಾಚೆ ಹೋಗಿ ಕಾಲು ನೆಟ್ಟಗೆ ಚಾಚಿಕೊಳ್ಳುತ್ತದೆ. ಸ್ಕೂಲ್ ಯೂನಿಫಾರ್ಮ್ ಹಾಗೆ ‘ಬೆಳೆಯುತ್ತಲ್ಲ, ಒಂದು ಸೈಜು ದೊಡ್ಡದೇ ಇರಲಿ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬೆನ್ನಿನ ಬಟ್ಟೆ ಕನಿಷ್ಠ ಮಗುವಿನ ಕಂಕುಳವರೆಗೆ ಬರಲಿ. ಅದಕ್ಕಿಂತ ಗಿಡ್ಡವಾದರೆ ಹಿಂದಕ್ಕೆ ವಾಲಿದ ಮಗು ಜಾರಬಹುದು. ನಿದ್ದೆ ಬಂದಾಗ ತಲೆಗೆ ಆಸರೆಯಾಗಿ ಹುಡ್ (ತಲೆಯ ಮೇಲೆ ಎಳೆಯುವ ಬಟ್ಟೆ) ಇರಬೇಕು.

3. ಹೊರುವವರು ಯಾರು?
ಅಪ್ಪ, ಅಮ್ಮ ಇಬ್ಬರೂ ಹೊರುವುದಾದರೆ ಇಬ್ಬರೂ ಹಾಕಿ ನೋಡಿ. ಸಣ್ಣ ಮೈಯವರಿಗೆ ಸೊಂಟದ ಪಟ್ಟಿ ಪೂರ್ತಿ ಎಳೆದರೂ ಸಡಿಲವೇ ಉಳಿಯಬಹುದು. ಈ ಪಟ್ಟಿ ಅಗಲವಾಗಿ, ಗಟ್ಟಿಯಾಗಿರಲಿ. ಭಾರ ಭುಜಕ್ಕಲ್ಲ, ಸೊಂಟದ ಮೂಳೆಗೆ ಬೀಳಬೇಕು. ನಾನು ದುಡ್ಡು ಹಾಕುವುದಾದರೆ ಈ ಪಟ್ಟಿಗೇ ಹಾಕುತ್ತೇನೆ, ಜೇಬು, ಲೇಸು, ಚಿತ್ತಾರಕ್ಕಲ್ಲ.

ಬಟ್ಟೆ ಹತ್ತಿಯದೇ ಇರಲಿ. ಮಂಗಳೂರಿನ ಸೆಕೆಗೆ ದಪ್ಪ ಸ್ಪಂಜಿನದ್ದು ತಂದರೆ ಇಬ್ಬರೂ ಬೆವರಿ ತೊಪ್ಪೆ. ಸೆಕೆಂಡ್ ಹ್ಯಾಂಡ್ ಆದರೆ ಪಟ್ಟಿ ಸೇರುವ ಕಡೆ ಹೊಲಿಗೆ ಬಿಟ್ಟಿದೆಯೇ, ಬಕಲ್ ಸೀಳಿದೆಯೇ ನೋಡಿ.

4. ಬೆನ್ನಿಗೆ ಹಾಕಿ ನೋಡಿ
ಈ ವಯಸ್ಸಿನ ಮಗುವನ್ನು ಎದೆಗೆ ಕಟ್ಟಿಕೊಂಡರೆ ಮುಂದಿನ ಮೆಟ್ಟಿಲೇ ಕಾಣುವುದಿಲ್ಲ. ಬೆನ್ನೇ ಸರಿ. ಮೊದಲು ಸೊಂಟದ ಪಟ್ಟಿ ಬಿಗಿಯಾಗಿ ಕಟ್ಟಿ. ಬಕಲ್ ‘ಟಕ್’ ಅಂದಮೇಲೆ ಒಮ್ಮೆ ಎಳೆದು ನೋಡಿ. ಮಂಚದ ಅಂಚಿನಲ್ಲಿ ಕೂತು ಮಗುವನ್ನು ಬೆನ್ನ ಹಿಂದೆ ಕೂರಿಸಿಕೊಳ್ಳಿ. ಬಟ್ಟೆಯನ್ನು ಅದರ ಬೆನ್ನ ಮೇಲೆ ಎಳೆದು ಭುಜದ ಪಟ್ಟಿ ಹಾಕಿ. ಎದೆಯ ಕ್ಲಿಪ್ ನಿಮ್ಮ ಕಂಕುಳ ಮಟ್ಟಕ್ಕೆ ಬರಲಿ. ಆಮೇಲೆ ಭುಜದ ಪಟ್ಟಿ ಬಿಗಿಮಾಡಿ. ಕೈ ರೂಢಿಯಾಗುವವರೆಗೆ ಹಿಂದೆ ಒಬ್ಬರು ನಿಂತಿರಲೇಬೇಕು.

ಮಗುವಿನ ಮುಖ ನಿಮಗೆ ಕಾಣುವುದಿಲ್ಲ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದು ಆಗಾಗ ನೋಡಿ: ಮೂಗು, ಬಾಯಿ ತೆರವಾಗಿರಬೇಕು, ಗಲ್ಲ ಎದೆಗೆ ಒತ್ತಿರಬಾರದು. ಕೆಳಗಿನದೇನಾದರೂ ಎತ್ತಿಕೊಳ್ಳಲು ಬಗ್ಗಬೇಡಿ, ಮಂಡಿ ಮಡಚಿ ಕೂರಿ. ಬೆನ್ನ ಮೇಲೆ ಮಗು ಇರುವಾಗ ಒಲೆ ಹತ್ತಿರ ಹೋಗುವುದು ಬೇಡ.

5. ಸ್ಕೂಟರಿಗೆ ಇದು ಆಗದು
ಕ್ಯಾರಿಯರ್ ಹಾಕಿಕೊಂಡು ಗಾಡಿ ಓಡಿಸುವವರನ್ನು ನೋಡಿದ್ದೀರಿ. 2022ರ ಕೇಂದ್ರ ನಿಯಮದ ಪ್ರಕಾರ 9 ತಿಂಗಳಿಂದ 4 ವರ್ಷದ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯಲು ಸೇಫ್ಟಿ ಹಾರ್ನೆಸ್ (ಮಗುವನ್ನು ಸವಾರರಿಗೆ ಬಿಗಿಯುವ ಪಟ್ಟಿಯಿರುವ ಅಂಗಿ) ಬೇಕು, ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ಮೀರುವಂತಿಲ್ಲ. ಆ ಹಾರ್ನೆಸ್ ಬೇರೆ, ಕ್ಯಾರಿಯರ್ ಬೇರೆ. ಅಂಗಡಿಯವರು ‘ಎರಡಕ್ಕೂ ಆಗುತ್ತೆ’ ಅಂದರೆ ನಂಬಬೇಡಿ.