ಮರುನೇಮಕದ ಬೆನ್ನಿಗೆ ಬರುವ ಸಂಬಳ: ಮುಂಬಯಿ ಕನ್ನಡಿಗ ಷೇರುದಾರರಿಗೆ

ಡಿಮ್ಯಾಟ್ ಖಾತೆ ತೆರೆಯುವುದು, ಷೇರು ಕೊಳ್ಳುವುದು ಮುಂಬಯಿಗೆ ಬಂದ ಎರಡೇ ತಿಂಗಳಲ್ಲಿ ಎಲ್ಲರಿಗೂ ಕರಗತವಾಗುತ್ತದೆ, ಅದನ್ನು ಹೇಳುವುದಿಲ್ಲ. ಕಂಪನಿಯ ದೊಡ್ಡ ಸಾಹೇಬರ ಸಂಬಳಕ್ಕೆ ಮತ ಹಾಕುವಾಗ ಮಾತ್ರ ಡೊಂಬಿವಲಿಯ ನಮ್ಮ ಹುಡುಗರು ನಾನು ಎಡವಿದ ಕಲ್ಲಿಗೇ ಎಡವುತ್ತಿದ್ದಾರೆ. ಮೊನ್ನೆ ಮೂರನೆಯವನ ಫೋನ್ ಬಂದ ಮೇಲೆ ಬರೆಯಲು ಕೂತೆ.

ನನಗೆ ಬಂದ ಷೇರುದಾರರ ಸಭೆಯ ನೋಟಿಸಿನಲ್ಲಿ ಮತ ಹಾಕಬೇಕಾದ ಆರು ವಿಷಯಗಳಿದ್ದವು. ನಾಲ್ಕನೆಯದು ವ್ಯವಸ್ಥಾಪಕ ನಿರ್ದೇಶಕರ ಮರುನೇಮಕ. ಮನುಷ್ಯ ಸಮರ್ಥ, ಇರಲಿ ಎಂದುಕೊಂಡು ಊಟದ ತಟ್ಟೆಯ ಮುಂದೆಯೇ ಮೊಬೈಲಿನಲ್ಲಿ ಆರಕ್ಕೂ ಸಮ್ಮತಿ ಒತ್ತಿದೆ. ಮರುದಿನ ಲೋಕಲ್ ರೈಲಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತು. ನೋಟಿಸಿನ ಕೊನೆಯ ಪುಟಗಳನ್ನು ಓದಿದೆ. ಸಂಬಳ, ಭತ್ಯೆ, ಲಾಭದ ಮೇಲಿನ ಕಮಿಷನ್ ಎಲ್ಲವೂ ಅಲ್ಲಿನ ವಿವರಣಾ ಹೇಳಿಕೆಯಲ್ಲಿ ಅಡಗಿ ಕೂತಿದ್ದವು. ಕಂಪನಿಯ ಲಾಭ ಇಳಿದಿತ್ತು, ಸಾಹೇಬರ ಕಮಿಷನ್ ಏರಿತ್ತು. ಸಭೆಗೇ ಹೋಗಿ ವಿರೋಧಿಸುತ್ತೇನೆಂದು ರಜೆ ಹಾಕಿ, ದಾದರಿನಲ್ಲಿ ರೈಲು ಬದಲಿಸಿ ಮರೀನ್ ಲೈನ್ಸ್‌ನ ಸಭಾಂಗಣ ಮುಟ್ಟಿದೆ. ಮೇಜಿನ ಹಿಂದಿದ್ದ ಹುಡುಗಿ ಪರದೆ ನೋಡಿ, "ಕಾಕಾ, ತುಮಚೆ ಮತದಾನ ಝಾಲೆಲೆ ಆಹೆ" (ನಿಮ್ಮ ಮತದಾನ ಆಗಿಹೋಗಿದೆ) ಎಂದಳು. ಒಳಗೆ ಕೂರಬಹುದು, ಮತ ಮಾತ್ರ ಇಲ್ಲ. ಒಮ್ಮೆ ದಾಖಲಾದ ಇ-ವೋಟ್, ಅಂದರೆ ಮೊಬೈಲಿನಲ್ಲಿ ಒತ್ತಿದ ಮತ, ತಿದ್ದುವಂತಿಲ್ಲ, ಸಭೆಯಲ್ಲಿ ಎರಡನೆಯ ಸಲ ಹಾಕುವಂತೆಯೂ ಇಲ್ಲ. ಸಮೋಸದ ಪೊಟ್ಟಣ ಹಿಡಿದು ಮರಳಿದೆ. ಒಂದು ದಿನದ ರಜೆ ಹೋದದ್ದು ದೊಡ್ಡದಲ್ಲ. ಮರುನೇಮಕದ ಅವಧಿ 5 ವರ್ಷದವರೆಗೂ ಇರಬಹುದು. ನಡುವೆ ಸಂಬಳ ಬದಲಿಸುವ ಹೊಸ ಪ್ರಸ್ತಾವ ಬಾರದಿದ್ದರೆ ಅಷ್ಟು ಕಾಲ ನಮ್ಮನ್ನು ಕೇಳುವವರೇ ಇಲ್ಲ. ಆದ್ದರಿಂದ ನೋಟಿಸನ್ನು ಹಿಂದಿನಿಂದ ಓದಿ, ಆಮೇಲೆ ಒತ್ತಿ.

ಲಂಡನ್ನಿನಿಂದ ಮರಳಿ ಮಾಟುಂಗಾದಲ್ಲಿ ನೆಲೆಸಿದ ಗೆಳೆಯನೊಬ್ಬ "ಈ ವರ್ಷ ತಪ್ಪಿದರೇನು, ಮುಂದಿನ ವರ್ಷ ನೋಡೋಣ" ಎಂದು ಕಾಯುತ್ತ ಕೂತಿದ್ದ. ಬ್ರಿಟನ್ನಿನಲ್ಲಿ ಸಂಬಳದ ವರದಿಗೆ ಪ್ರತಿವರ್ಷ ಮತ ಹಾಕುತ್ತಾರೆ, ಆದರೆ ಅದು ಬರೀ ಸಲಹೆ. ಕನಿಷ್ಠ 3 ವರ್ಷಕ್ಕೊಮ್ಮೆ ಸಂಬಳದ ನೀತಿಗೆ ಹಾಕುವ ಮತವಷ್ಟೇ ಕಂಪನಿಯನ್ನು ಕಟ್ಟಿಹಾಕುತ್ತದೆ. ನಮ್ಮಲ್ಲಿ ಆ ವಾರ್ಷಿಕ ಮತವಿಲ್ಲ. ಆದರೂ ನನಗೆ ನಮ್ಮದೇ ಮೇಲು. ಇಲ್ಲಿ ಪ್ರಸ್ತಾವ ಬಿದ್ದರೆ ಬಿದ್ದಂತೆಯೇ. 2021ರಲ್ಲಿ ಐಷರ್ ಮೋಟರ್ಸ್‌ನ ವ್ಯವಸ್ಥಾಪಕ ನಿರ್ದೇಶಕ ಸಿದ್ಧಾರ್ಥ ಲಾಲ್ ಅವರ ಮರುನೇಮಕಕ್ಕೆ ಶೇ. 73ರಷ್ಟು ಮತ ಬಂದರೂ ಬೇಕಿದ್ದ ಶೇ. 75 ಮುಟ್ಟದೆ ಸೋತಿತು. ಸಂಬಳದ ಮಿತಿಯನ್ನು ಲಾಭದ ಶೇ. 1.5ಕ್ಕೆ ಇಳಿಸಿ ಮತ್ತೆ ಕೇಳಬೇಕಾಯಿತು.

ಎಲ್ಲ ನಿರ್ಣಯಕ್ಕೂ ಮುಕ್ಕಾಲು ಪಾಲು ಬೇಕಿಲ್ಲ, ಎಚ್ಚರ. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಮುಗಿಯಿತು. ಕಂಪನಿಯನ್ನು ಹಿಡಿತದಲ್ಲಿಟ್ಟುಕೊಂಡ ಪ್ರವರ್ತಕರ ಬಳಿಯೇ ಅರ್ಧ ದಾಟಿದ ಷೇರಿದ್ದರೆ ನಮ್ಮ ವಿರೋಧ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಿಮ್ಮ ಮತಕ್ಕೆ ಬೆಲೆ ಬರುವುದು ಆ ಮುಕ್ಕಾಲು ಪಾಲು ಬೇಕಾಗುವ ವಿಶೇಷ ನಿರ್ಣಯದಲ್ಲಿ. ಪ್ರವರ್ತಕರ ಮನೆಯ ಒಬ್ಬ ಕಾರ್ಯನಿರ್ವಾಹಕ ನಿರ್ದೇಶಕರ ವಾರ್ಷಿಕ ಸಂಭಾವನೆ 5 ಕೋಟಿ ರೂಪಾಯಿ ಅಥವಾ ನಿವ್ವಳ ಲಾಭದ ಶೇ. 2.5, ಇವೆರಡರಲ್ಲಿ ಹೆಚ್ಚಿನದನ್ನು ದಾಟಿದರೆ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ವಿಶೇಷ ನಿರ್ಣಯವೇ ಆಗಬೇಕು.

ಇ-ವೋಟಿಂಗ್ ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ಮೊನ್ನೆ ಫೋನ್ ಮಾಡಿದವನು ಕೇಳಿದ್ದು ಆರೂವರೆಗೆ. ಇನ್ನೊಂದು: ನೋಟಿಸಿನಲ್ಲಿ ಹೇಳಿದ ಕಟ್-ಆಫ್ ದಿನ ಷೇರು ನಿಮ್ಮ ಖಾತೆಯಲ್ಲಿದ್ದರೆ ಸಾಕು, ಮರುದಿನ ಮಾರಿದರೂ ಮತ ನಿಮ್ಮದೇ. ಹಾಗೆ ಮಾರಿ ಕೈತೊಳೆದ ಮೇಲೂ ನಾನು ಒಬ್ಬ ಸಾಹೇಬರ ಸಂಬಳಕ್ಕೆ ಬೇಡ ಎಂದು ಒತ್ತಿ ಬಂದಿದ್ದೇನೆ.